ನೇಯ್ದವನ ಸೀರೆ, ಸಾಗಿಸಿದವನ ಬಾಡಿಗೆ, ನಷ್ಟ ಯಾರ ತಲೆಗೆ?

ಮೊಳಕಾಲ್ಮೂರಿನ ರೇಷ್ಮೆ ಸೀರೆಯಾಗಲಿ, ಇಳಕಲ್ಲಿನ ಸೀರೆಯಾಗಲಿ, ಬೀದರಿನ ಬಿದ್ರಿ ಹೂಜಿಯಾಗಲಿ ಇಂದು ಸಾಹುಕಾರನ ಗದ್ದಿಗೆಯ ಮುಂದೆ ಕೈಕಟ್ಟಿ ನಿಂತೇ ಮಾರಾಟವಾಗಬೇಕೆಂಬ ನಿರ್ಬಂಧವಿಲ್ಲ. ನೇಕಾರನ ಮಗಳು ಫೋನಿನಲ್ಲಿ ಚಿತ್ರ ತೆಗೆದು ಹಾಕುತ್ತಾಳೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತವರು ನೋಡಿ, ಒಪ್ಪಿ, ಹಣ ಕಳಿಸುತ್ತಾರೆ. ಇದು ಒಳ್ಳೆಯದೇ. ದುಡಿಯುವವನನ್ನು ಸಾಹುಕಾರನ ಕೈಯಿಂದ ಬಿಡಿಸುವ ಯಾವ ಉಪಾಯವನ್ನೂ ಹಳಿಯುವವರು ನಾವಲ್ಲ. ಆದರೆ ಮಾರಿದ ಮಾಲು ಕೊಂಡವರ ಮನೆಗೆ ಮುಟ್ಟಬೇಕಲ್ಲ! ನಡುದಾರಿಯಲ್ಲಿ ಅದು ನೆನೆದರೆ, ಒಡೆದರೆ, ಕಳೆದರೆ, ಕದ್ದುಹೋದರೆ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಾವು ಎತ್ತುತ್ತೇವೆ.

ಆನ್‌ಲೈನ್ ಮಾರಾಟ ಕಲಿಸುತ್ತೇವೆಂದು ನಡೆಯುವ ಶಿಬಿರಗಳಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಒಂದೇ: “ಚೆನ್ನಾಗಿ ಪ್ಯಾಕ್ ಮಾಡಿ.” ಇಸ್ತ್ರಿ ಹಾಕಿದ ಅಂಗಿಯ ಮಹನೀಯರೊಬ್ಬರು ಬಂದು, ಗುಳ್ಳೆ ಹಾಳೆ ಸುತ್ತುವುದು ಹೇಗೆ, ಟೇಪು ಅಂಟಿಸುವುದು ಹೇಗೆ ಎಂದು ತೋರಿಸಿ, ಊಟ ಮುಗಿಸಿ ಹೊರಡುತ್ತಾರೆ. ಮಾಲು ಹಾಳಾದರೆ ಅದು ಕಟ್ಟಿದವನ ತಪ್ಪು ಎಂಬುದು ಈ ಉಪದೇಶದ ಒಳಗಿನ ತಿರುಳು. ಗಿರಣಿಯಲ್ಲಿ ಕೈ ಸಿಕ್ಕಿಸಿಕೊಂಡ ಕೂಲಿಯವನಿಗೆ “ನೀನು ಎಚ್ಚರದಿಂದಿರಬೇಕಿತ್ತು” ಎಂದು ಹೇಳುತ್ತಿದ್ದ ಧಣಿಗಳ ಮಾತಿಗೂ ಇದಕ್ಕೂ ಏನು ವ್ಯತ್ಯಾಸ?

ಹಾಗೆಂದು ಕಟ್ಟುವ ಕೆಲಸವನ್ನು ನಾವು ಕಡೆಗಣಿಸುವುದಿಲ್ಲ. ನಮ್ಮ ಓದುಗರಲ್ಲಿ ಮಗ್ಗದವರೂ ಕುಶಲಕರ್ಮಿಗಳೂ ಇದ್ದಾರೆ. ಶಿಬಿರದ ಮಹನೀಯರು ಹೇಳುವುದನ್ನೂ, ಅವರು ಹೇಳದೆ ಬಿಡುವುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ರೇಷ್ಮೆಯ ಶತ್ರು ಪೆಟ್ಟಲ್ಲ, ತೇವ. ಮುಂಗಾರಿನಲ್ಲಿ ಲಾರಿಯ ತಾಡಪಾಲು ಸೋರಿತೆಂದರೆ ಕಾಗದದ ಪೆಟ್ಟಿಗೆ ಒಂದು ಗಳಿಗೆಯೂ ತಡೆಯದು. ಆದ್ದರಿಂದ ಸೀರೆಯನ್ನು ಮೊದಲು ಒಗೆದ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಮೇಲೆ ಬಾಯಿ ಬೆಸೆದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ತೇವ ಹೀರುವ ಸಿಲಿಕಾ ಪೊಟ್ಟಣವೊಂದನ್ನು ಚೀಲದೊಳಗೇ ಹಾಕಬೇಕು. ಜರಿ ಇರುವಲ್ಲಿ ಚೂಪು ಮಡಿಕೆ ಬೀಳಬಾರದು. ಬಿದ್ರಿಯ ಮಾತು ಬೇರೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಎಳೆ ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಆ ಹೂಜಿ ನೋಡಲು ಕಬ್ಬಿಣದಂತಿದ್ದರೂ ಬಿದ್ದರೆ ಕತ್ತು ಸೀಳಬಹುದು, ಅಂಚು ನೆಗ್ಗಬಹುದು. ಅದಕ್ಕೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಬೇಕು. ಎರಡರ ನಡುವೆ ಸುತ್ತಲೂ ಎರಡು ಮೂರು ಬೆರಳು ದಪ್ಪಕ್ಕೆ ಮೆತ್ತೆ ಬೇಕು. ಅಲ್ಲಾಡಿಸಿದರೆ ಒಳಗೆ ಸದ್ದಾಗಬಾರದು.

ಪೆಟ್ಟಿಗೆಯ ಮೇಲೆ “ರೇಷ್ಮೆ” ಎಂದಾಗಲಿ “ಬೆಳ್ಳಿ” ಎಂದಾಗಲಿ ಬರೆಯುವುದು ಕಳ್ಳನಿಗೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದಂತೆ. ಹೊರಗಿನ ಚೀಟಿ ಹರಿದುಹೋದರೆ ಗುರುತಿರಲೆಂದು ಕಳಿಸಿದವರ, ಪಡೆಯುವವರ ವಿಳಾಸವನ್ನು ಒಳಗೂ ಒಂದು ಚೀಟಿಯಲ್ಲಿ ಬರೆದಿಡಬೇಕು. ಕಟ್ಟುವ ಮುಂಚೆ ಮಾಲಿನ ಚಿತ್ರ, ಕಟ್ಟುವಾಗ ಕಡಿತವಿಲ್ಲದ ಒಂದು ವಿಡಿಯೋ, ಕಟ್ಟಿದ ಮೇಲೆ ತಕ್ಕಡಿಯ ಮೇಲಿನ ತೂಕದ ಚಿತ್ರ, ಇವು ಮೂರೂ ಇರಲೇಬೇಕು. ನಾಳೆ ಕಂಪನಿಯವರು “ಒಳಗೆ ಏನಿತ್ತೋ ಯಾರಿಗೆ ಗೊತ್ತು” ಎಂದಾಗ ತೂಕದ ಆ ಒಂದು ಚಿತ್ರ ಹತ್ತು ಸಾಕ್ಷಿಗಳಿಗೆ ಸಮ.

ಇಷ್ಟನ್ನೆಲ್ಲ ಶ್ರದ್ಧೆಯಿಂದ ಮಾಡಿದವನಿಗೆ ಮೊದಲು ಸಿಗುವ ಬಹುಮಾನವೇನು? ದಂಡ! ಸಾಗಣೆ ಕಂಪನಿಗಳು ತೂಕವನ್ನು ಮಾತ್ರ ತೂಗುವುದಿಲ್ಲ, ಗಾಳಿಯನ್ನೂ ತೂಗುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಅವರಲ್ಲಿ ಬಳಕೆಯಲ್ಲಿರುವ ಲೆಕ್ಕ. 30, 30, 40 ಸೆಂಟಿಮೀಟರಿನ ಪೆಟ್ಟಿಗೆಗೆ 7.2 ಕಿಲೋ ಎಂದಾಯಿತು. ಒಳಗಿನ ಹೂಜಿ ಎರಡೇ ಕಿಲೋ ಇರಬಹುದು. ವಿಮಾನದಲ್ಲೂ ಲಾರಿಯಲ್ಲೂ ಜಾಗಕ್ಕೆ ಬೆಲೆಯುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೆತ್ತೆ ಹಾಕಿದರೆ ಹೆಚ್ಚು ಬಾಡಿಗೆ ಕೊಡು, ಹಾಕದಿದ್ದರೆ “ಪ್ಯಾಕಿಂಗ್ ಸಾಲದು” ಎಂಬ ಕಾರಣಕ್ಕೆ ಪರಿಹಾರ ಬಿಡು ಎಂಬುದು ಎರಡು ಬಾಯಿಯ ಕತ್ತಿ. ಎರಡು ಕಡೆಯಲ್ಲೂ ಕತ್ತು ನೇಕಾರನದೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಕಂಪನಿಯ ಕಟ್ಟೆಯ ಮೇಲಿಟ್ಟು ಕೈಬಿಟ್ಟ ಕ್ಷಣದಿಂದ ಅದರ ರಕ್ಷಣೆ ಕಟ್ಟಿದವನ ಕೈಯಲ್ಲಿಲ್ಲ. ಅದು ಯಾರ ಕೈಯಲ್ಲಿದೆಯೋ ಅವರದೇ ಹೊಣೆಯಾಗಬೇಕೆಂಬುದು ಹಳ್ಳಿಯ ಮುದುಕಿಗೂ ತಿಳಿದ ನ್ಯಾಯ. ನಮ್ಮ ಕಾಯಿದೆ ಏನು ಹೇಳುತ್ತದೆ?

ರಸ್ತೆ ಸಾಗಣೆಗೆ ಸಂಬಂಧಿಸಿ 2007ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯಿದೆಯೊಂದಿದೆ. 2011ರಲ್ಲಿ ಜಾರಿಗೆ ಬಂದಿತು. ಬಾಗಿಲಿಂದ ಬಾಗಿಲಿಗೆ ಮುಟ್ಟಿಸುವ ಕೊರಿಯರ್ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಮಾಲು ಕಳೆದರೆ ಸಾಗಣೆದಾರನ ನಿರ್ಲಕ್ಷ್ಯವನ್ನು ಕಳಿಸಿದವನು ರುಜುವಾತುಪಡಿಸಬೇಕಾಗಿಲ್ಲ ಎಂದು ಅದರಲ್ಲಿ ಬರೆದಿದೆ. ಎಂಥ ಔದಾರ್ಯ ಎಂದು ಓದುಗರು ಹಿಗ್ಗಬಾರದು. ಅದರಡಿಯ 2011ರ ನಿಯಮಾವಳಿ ಏನೆನ್ನುತ್ತದೆಂಬುದನ್ನು ಕೇಳಿ: ಸಾಗಣೆದಾರನ ಹೊಣೆ ಬಾಡಿಗೆಯ ಹತ್ತರಷ್ಟಕ್ಕೆ ಮಿತ. ಅದೂ ಪತ್ರದಲ್ಲಿ ಘೋಷಿಸಿದ ಬೆಲೆಯನ್ನು ಮೀರುವಂತಿಲ್ಲ.

ಲೆಕ್ಕ ಹಾಕಿ ನೋಡೋಣ. 18,000 ರೂಪಾಯಿಯ ಸೀರೆಯನ್ನು 120 ರೂಪಾಯಿ ಬಾಡಿಗೆ ಕೊಟ್ಟು ಕಳಿಸಿದ್ದೀರಿ. ಸೀರೆ ಕಾಣೆಯಾಯಿತು. ಹತ್ತರಷ್ಟೆಂದರೆ 1,200 ರೂಪಾಯಿ. ಉಳಿದ 16,800 ರೂಪಾಯಿ? ನೂಲಿನ ಸಾಲ, ಬಣ್ಣದವನ ಬಾಕಿ, ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತ ದಿನಗಳು, ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತಿದ ಹೆಂಡತಿಯ ದುಡಿಮೆ, ಇವೆಲ್ಲ ಆ 16,800ರಲ್ಲಿವೆ. ಬೆಲೆ ಹೆಚ್ಚಿದಷ್ಟೂ ಹೊಣೆಯ ಪಾಲು ತಗ್ಗುತ್ತದೆ. 1,000 ರೂಪಾಯಿಯ ಅಂಗಿ ಕಳೆದರೆ ಪೂರ್ತಿ ಹಣ ಬಂದೀತು; 18,000ದ ಸೀರೆ ಕಳೆದರೆ ಹದಿನೈದರಲ್ಲಿ ಒಂದು ಪಾಲು. ತಿಂಗಳುಗಟ್ಟಲೆ ಕೂತು ಒಂದೇ ವಸ್ತು ಮಾಡುವ ಕೈಕಸುಬಿನವನಿಗೇ ಅತಿ ಕಡಿಮೆ ರಕ್ಷಣೆ ಎಂದಾಯಿತಲ್ಲವೆ?

ಕಂಪನಿಯ ಆಳೇ ಕದ್ದನೆಂದು ಸಾಬೀತಾದರೆ ಈ ಮಿತಿ ಅನ್ವಯಿಸದೆಂಬುದು ನಿಜ. ಆದರೆ ಯಾವ ಊರಿನ ಯಾವ ಗೋದಾಮಿನಲ್ಲಿ ಯಾವ ಕೈ ಆಡಿತೆಂದು ಮೊಳಕಾಲ್ಮೂರಿನಲ್ಲಿ ಕುಳಿತವನು ಕಂಡುಹಿಡಿಯುವುದು ಹೇಗೆ?

ಈ ಅನ್ಯಾಯ ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನಲ್ಲಿ 1830ರಲ್ಲಿ, ಕುದುರೆಗಾಡಿಯ ಕಾಲದಲ್ಲಿ, ಗಾಡಿಯ ಮಾಲೀಕರ ರಕ್ಷಣೆಗೆಂದು ಒಂದು ಶಾಸನ ಬಂತು. ಚಿನ್ನ, ಗಡಿಯಾರ, ರೇಷ್ಮೆ ಮುಂತಾದವು 10 ಪೌಂಡಿಗಿಂತ ಹೆಚ್ಚಿನ ಬೆಲೆಯವಾಗಿದ್ದರೆ ಮುಂಚೆ ಹೇಳಿ ಹೆಚ್ಚು ಬಾಡಿಗೆ ಕೊಡಬೇಕು, ಇಲ್ಲವಾದರೆ ಹೊಣೆಯಿಲ್ಲ. ಅದೇ ಅಚ್ಚಿನಲ್ಲಿ 1865ರಲ್ಲಿ ಇಲ್ಲಿಯೂ ಒಂದು ಕಾಯಿದೆ ಎರಕ ಹೊಯ್ದರು. 10 ಪೌಂಡಿನ ಜಾಗದಲ್ಲಿ 100 ರೂಪಾಯಿ. ಅದರ ಪಟ್ಟಿಯಲ್ಲಿ ರೇಷ್ಮೆ ಇತ್ತು, ಶಾಲು ಇತ್ತು, ಚಿನ್ನ ಬೆಳ್ಳಿಯ ಎಳೆ ಸೇರಿದ ಬಟ್ಟೆ ಇತ್ತು, ಗಂಧದ ಮರದ ಸಾಮಾನೂ ಇತ್ತು. ಮೈಸೂರು ಸೀಮೆಯ ಕಸುಬುದಾರರ ಮನೆಗಳನ್ನು ಹೊಕ್ಕು ಪಟ್ಟಿ ಮಾಡಿದರೋ ಎಂಬಂತೆ! ಆದರೂ ಆ ಬ್ರಿಟಿಷರ ಕಾಯಿದೆಯಲ್ಲಿ ಒಂದು ಮರ್ಯಾದೆಯಿತ್ತು. ಹೆಚ್ಚಿನ ಬಾಡಿಗೆ ಕೇಳುವ ಸಾಗಣೆದಾರನು ಅದರ ದರವನ್ನು ಇಂಗ್ಲಿಷಿನಲ್ಲೂ ದೇಶಭಾಷೆಯಲ್ಲೂ ಬರೆದು ತನ್ನ ಅಂಗಡಿಯಲ್ಲಿ ತೂಗುಹಾಕಬೇಕಿತ್ತು.

2007ರ ಕಾಯಿದೆ ಈ ಮಾತನ್ನು ಬಿಟ್ಟಿಲ್ಲವೆಂಬುದನ್ನು ಓದುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಬಾಡಿಗೆಯ ಹತ್ತರಷ್ಟೆಂಬ ಮಿತಿಯನ್ನು ದಾಟಲು ಕಾಯಿದೆಯಲ್ಲಿಯೇ ಒಂದು ಬಾಗಿಲಿದೆ: ಕಳಿಸುವವನು ಹೆಚ್ಚಿನ ಅಪಾಯದ ದರವನ್ನು ಕೊಡಲು ಸ್ಪಷ್ಟವಾಗಿ ಒಪ್ಪಿದರೆ ಆ ಮಿತಿ ಅವನಿಗೆ ತಗಲುವುದಿಲ್ಲ. ಆ ದರ ಎಷ್ಟೆಂಬುದನ್ನು ಇಂಗ್ಲಿಷಿನಲ್ಲೂ ರಾಜ್ಯದ ಭಾಷೆಯಲ್ಲೂ ಸಾಗಣೆದಾರನ ಸ್ಥಳದಲ್ಲಿ ಪ್ರದರ್ಶಿಸಬೇಕು. ಅಂದರೆ ಕರ್ನಾಟಕದಲ್ಲಿ ಕನ್ನಡದಲ್ಲಿ. ನಮ್ಮ ಊರಿನ ಯಾವ ಕೊರಿಯರ್ ಅಂಗಡಿಯಲ್ಲಿ ಇಂಥ ಫಲಕವನ್ನು ಕಂಡಿದ್ದೀರಿ? ಗಣೇಶನ ಪಟ ಇರುತ್ತದೆ, ಕಂಪನಿಯ ವಿಮಾನದ ಚಿತ್ರ ಇರುತ್ತದೆ, “ನಗದು ಮಾತ್ರ” ಎಂಬ ಚೀಟಿ ಇರುತ್ತದೆ. ಬಾಗಿಲೇನೋ ಇದೆ, ಅದು ಎಲ್ಲಿದೆಯೆಂದು ಹೇಳುವವರಿಲ್ಲ.

ಫಲಕಕ್ಕೆ ಬದಲಾಗಿ ರಸೀದಿಯ ಬೆನ್ನಿಗೆ ಇರುವೆಸಾಲಿನಂಥ ಇಂಗ್ಲಿಷ್ ಅಕ್ಷರಗಳಿರುತ್ತವೆ. ಅವುಗಳ ಶಕ್ತಿಯೇನೆಂಬುದನ್ನು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಭಾರತಿ ನಿಟಿಂಗ್ ಕಂಪನಿಯ ಮೊಕದ್ದಮೆಯಲ್ಲಿ ನೋಡಬಹುದು. 1990ರ ಬೇಸಿಗೆಯ ಮಾರಾಟಕ್ಕೆಂದು ಜರ್ಮನಿಗೆ ಸಿದ್ಧ ಉಡುಪು ಕಳಿಸಿದ ಆ ಕಂಪನಿ, ಸಂಬಂಧಿಸಿದ ಕಾಗದಪತ್ರಗಳನ್ನು ಕೊರಿಯರಿನಲ್ಲಿ ಹಾಕಿತು. ಕಾಗದ ಮುಟ್ಟಲಿಲ್ಲ, ನಷ್ಟ ಲಕ್ಷಗಟ್ಟಲೆಯದು. ಆದರೆ ಕಳಿಸಿದವರು ಸಹಿ ಹಾಕಿದ ಚೀಟಿಯಲ್ಲಿ ಹೊಣೆ 100 ಡಾಲರಿಗೆ ಮಿತವೆಂದು ಅಚ್ಚಾಗಿತ್ತು. ಸಹಿ ಹಾಕಿದ ಮೇಲೆ ಮುಗಿಯಿತು, 100 ಡಾಲರೇ ಸರಿ ಎಂದಿತು ನ್ಯಾಯಾಲಯ. ಸಹಿಯೂ ಇಲ್ಲದ, ತಿಳಿಸಿಯೂ ಹೇಳದ ಸಣ್ಣಕ್ಷರಕ್ಕೆ ಗಿರಾಕಿ ಬದ್ಧನಲ್ಲವೆಂದು ಗ್ರಾಹಕ ಆಯೋಗಗಳು ಕೆಲವು ಪ್ರಕರಣಗಳಲ್ಲಿ ಹೇಳಿರುವುದೂ ಉಂಟು. ಆದುದರಿಂದ ಓದದೆ ಸಹಿ ಹಾಕಬೇಡಿ. ಸಹಿ ಹಾಕಲೇಬೇಕೆಂದರೆ ಮಾಲಿನ ನಿಜವಾದ ಬೆಲೆಯನ್ನು ಅದೇ ಕಾಗದದಲ್ಲಿ ಬರೆದು ಸಹಿ ಹಾಕಿ. ಪೆಟ್ಟಿಗೆಯ ಮೇಲೆ ಬೆಲೆ ಬೇಡ, ಪತ್ರದಲ್ಲಿ ಬೇಕೇ ಬೇಕು. ನಾಲ್ಕು ಕಾಸು ಉಳಿಯಲೆಂದು 18,000ದ ಸೀರೆಗೆ 2,000 ಎಂದು ಬರೆದವನು ಕಳೆದಾಗ 2,000ಕ್ಕಿಂತ ಹೆಚ್ಚು ಕೇಳುವ ಬಾಯಿಯನ್ನು ತಾನೇ ಹೊಲಿದುಕೊಂಡಂತೆ.

ಗ್ರಾಹಕ ಆಯೋಗದ ಮಾತು ಬಂತು. ಅಲ್ಲಿಗೆ ಹೋದ ನೇಕಾರನಿಗೆ ಕಂಪನಿಯ ವಕೀಲರು ಒಡ್ಡಬಹುದಾದ ಮೊದಲ ತಕರಾರು: “ನೀನು ಗ್ರಾಹಕನೇ ಅಲ್ಲ, ವ್ಯಾಪಾರಿ.” 1986ರ ಹಳೆಯ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನು ಕೊಂಡ ಸರಕು ಮಾತ್ರವಲ್ಲ, ಪಡೆದ ಸೇವೆಯೂ ವ್ಯಾಪಾರದ ಉದ್ದೇಶದ್ದಲ್ಲವೆಂದು ಸ್ಪಷ್ಟವಾಗಿತ್ತು. 2019ರ ಹೊಸ ಕಾಯಿದೆಯಲ್ಲಿ “ಸರಕು” ಉಳಿಯಿತು, “ಸೇವೆ” ಮಾಯವಾಯಿತು. ಮಗ್ಗ ಕೊಂಡು ಮೋಸಹೋದ ನೇಕಾರ ಗ್ರಾಹಕ. ಅದೇ ಮಗ್ಗದಲ್ಲಿ ನೇಯ್ದ ಸೀರೆಯನ್ನು ಕಳಿಸಿ ಮೋಸಹೋದರೆ ಅವನು ವ್ಯಾಪಾರಿ! ಒಂದು ಪದವನ್ನು ಬಿಟ್ಟದ್ದು ಮರೆವೋ ಜಾಣತನವೋ, ಪಾರ್ಲಿಮೆಂಟಿನಲ್ಲಿ ಕುಳಿತವರೇ ಹೇಳಬೇಕು.

ಖಾಸಗಿಯವರು ಲಾಭಕೋರರು, ಸರ್ಕಾರದ ಅಂಚೆಯಲ್ಲಿ ಕಳಿಸೋಣವೆಂದರೆ ಅಲ್ಲಿಯ ಕಥೆ ಬೇರೆ. 2007ರ ಸಾಗಣೆ ಕಾಯಿದೆ ಸರ್ಕಾರಕ್ಕೆ ಅನ್ವಯಿಸುವುದಿಲ್ಲ. 1898ರ ಅಂಚೆ ಕಾಯಿದೆಯಲ್ಲಿ ಕರ್ಜನ್‌ಗೂ ಹಿಂದಿನ ವೈಸರಾಯರ ಸರ್ಕಾರ ಬರೆದುಕೊಂಡಿತ್ತು: ಅಂಚೆಯಲ್ಲಿ ಕಳೆದದ್ದಕ್ಕೆ, ತಡವಾದದ್ದಕ್ಕೆ, ಹಾಳಾದದ್ದಕ್ಕೆ, ತಾನಾಗಿ ಒಪ್ಪಿಕೊಂಡಷ್ಟನ್ನು ಬಿಟ್ಟು, ಸರ್ಕಾರ ಹೊಣೆಯಲ್ಲ. ಸ್ವತಂತ್ರ ಭಾರತ ಆ ಕಾಯಿದೆಯನ್ನು ಕಿತ್ತೆಸೆದು 2023ರಲ್ಲಿ ಹೊಸದನ್ನು ಮಾಡಿತು. 2024ರ ಜೂನಿನಲ್ಲಿ ಜಾರಿಗೂ ತಂದಿತು. ವಸಾಹತುಶಾಹಿಯ ಕುರುಹನ್ನು ಅಳಿಸಿದೆವೆಂದು ಬೆನ್ನು ತಟ್ಟಿಕೊಂಡರು. ಆದರೆ ಹೊಸ ಕಾಯಿದೆಯಲ್ಲೂ ಅದೇ ಮಾತು ಕುಳಿತಿದೆ: ನಿಯಮಗಳ ಮೂಲಕ ತಾನಾಗಿ ಒಪ್ಪಿಕೊಂಡಷ್ಟನ್ನು ಬಿಟ್ಟು ಅಂಚೆ ಕಚೇರಿಗೆ ಹೊಣೆಯಿಲ್ಲ. ಪೀಠ ಬದಲಾಯಿತು, ದೇವರು ಅದೇ.

ಇಷ್ಟಾದರೂ ನಾವು ಅಂಚೆಯನ್ನು ಖಾಸಗಿಯವರ ಸಾಲಿಗೆ ಸೇರಿಸುವುದಿಲ್ಲ. ವಿಮೆ ಮಾಡಿಸಿದ ಅಂಚೆಗೆ ವಿಮೆಯ ಮೊತ್ತದವರೆಗೆ ಹೊಣೆ ಹೊರುವ ಪದ್ಧತಿ ಅಲ್ಲಿ ಬಹುಕಾಲದ್ದು. ಹೊಲಿಗೆಯುದ್ದಕ್ಕೂ ಅರಗಿನ ಮುದ್ರೆ ಒತ್ತಿದ ಬಟ್ಟೆಯ ಪಾರ್ಸಲುಗಳನ್ನು ಹಿರಿಯ ಓದುಗರು ಮರೆತಿರಲಾರರು. ಹಣ ಪಡೆದು ಮಾಲು ಕೊಡುವ ವಿ.ಪಿ. ಪದ್ಧತಿ 1877ರಲ್ಲಿಯೇ ಬಂತು; ಇಂದಿನ ಕಂಪನಿಗಳು “ಕ್ಯಾಶ್ ಆನ್ ಡೆಲಿವರಿ” ಎಂದು ಡಂಗುರ ಸಾರುವುದು ಅದರ ಮರಿಮಗುವನ್ನೇ. ದೇಶದಲ್ಲಿ 1,64,000ಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಕಂಪನಿಯ ವ್ಯಾನು ಹೋಗದ ಹಳ್ಳಿಗೂ ಅಂಚೆಯವನು ಹೋಗುತ್ತಾನೆ. ಸಾರ್ವಜನಿಕರ ಆಸ್ತಿಯಾದ ಇಂಥ ಸಂಸ್ಥೆ ಪೂರ್ಣ ಹೊಣೆ ಹೊತ್ತು ಮಾದರಿಯಾಗಬೇಕಾದಲ್ಲಿ, ಬ್ರಿಟಿಷರ ಹೊಣೆಗೇಡಿತನವನ್ನು ಆನುವಂಶಿಕ ಆಸ್ತಿಯಂತೆ ಕಾಪಾಡಿಕೊಂಡಿರುವುದನ್ನು ನಾವು ಒಪ್ಪಲಾರೆವು.

ಮಾರಾಟದ ದೊಡ್ಡ ದೊಡ್ಡ ವೇದಿಕೆಗಳ ಮೂಲಕ ಮಾರುವವರ ಪಾಡು ಇನ್ನೂ ವಿಚಿತ್ರ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಕೊಂಡವನಿಗೆ ಮುಟ್ಟಿಸಲೆಂದು ಸಾಗಣೆದಾರನಿಗೆ ಮಾಲು ಒಪ್ಪಿಸಿದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಮೇಲ್ನೋಟಕ್ಕೆ ಅದು ಕೊಂಡವನಿಗೇ ಒಪ್ಪಿಸಿದಂತೆ. ವೇದಿಕೆಗಳು ಈ “ಬೇರೆ ಕರಾರ”ನ್ನು ಪುಟಗಟ್ಟಲೆ ಬರೆದಿಟ್ಟಿವೆ. ಒಂದು ಗುಂಡಿ ಒತ್ತಿದರೆ ನೇಕಾರ ಎಲ್ಲಕ್ಕೂ ಒಪ್ಪಿದಂತಾಗುತ್ತದೆ. ಸಾಗಣೆ ಕಂಪನಿಯನ್ನು ಆರಿಸುವುದು ವೇದಿಕೆ, ಬಾಡಿಗೆ ಗೊತ್ತುಮಾಡುವುದು ವೇದಿಕೆ, ರವಾನೆ ಪತ್ರ ಬರೆಯುವುದು ವೇದಿಕೆ. ವಾಪಸು ಬಂದ ಪೆಟ್ಟಿಗೆಯಲ್ಲಿ ಹೊಸ ಸೀರೆಯ ಬದಲು ಹಳೆಯ ಸೀರೆಯಿದ್ದರೆ ಅಳುವುದು ಮಾತ್ರ ನೇಕಾರ. ಆದ್ದರಿಂದ ಬೆಲೆಬಾಳುವ ಮಾಲು ವಾಪಸು ಬಂದಾಗ ತಂದವನ ಎದುರಿನಲ್ಲೇ ತೂಗಿ, ವಿಡಿಯೋ ಹಿಡಿದುಕೊಂಡೇ ಬಿಚ್ಚಬೇಕು. ವ್ಯತ್ಯಾಸ ಕಂಡರೆ ಅವನ ಕಾಗದದಲ್ಲಿ ಬರೆಸಿಕೊಳ್ಳದೆ ಸಹಿ ಹಾಕಬಾರದು.

ಇಲ್ಲಿ ಒಂದು ಮಾತು. ನಷ್ಟವನ್ನು ಕೊಂಡವರ ತಲೆಗೆ ಕಟ್ಟಬೇಕೆಂಬುದು ನಮ್ಮ ವಾದವಲ್ಲ. ಮಗಳ ಮದುವೆಗೆ ಒಂದು ಸೀರೆ ತರಿಸಿಕೊಳ್ಳುವ ಶಾಲಾ ಮಾಸ್ತರರು ಬಂಡವಾಳಗಾರರೇನೂ ಅಲ್ಲ. ಬಿಸಿಲಲ್ಲಿ ಸೈಕಲ್ಲು ಮೋಟಾರು ತುಳಿದು ಬಾಗಿಲಿಗೆ ಬರುವ ಹುಡುಗನನ್ನು ಕಳ್ಳನಂತೆ ನೋಡುವುದನ್ನೂ ನಾವು ಒಪ್ಪುವುದಿಲ್ಲ. ಅವನಿಗೆ ಸಂಬಳವಿಲ್ಲ, ತಲೆಗಿಷ್ಟೆಂದು ಕೂಲಿ. ಅಂಥವರ ಸಾಮಾಜಿಕ ಭದ್ರತೆಗೆಂದು ಕರ್ನಾಟಕದಲ್ಲಿ ಕಾಯಿದೆಯಾದದ್ದೇ 2025ರಲ್ಲಿ. ಕಳೆದ ಮಾಲಿನ ಬೆಲೆಯನ್ನು ಅವನ ಕೂಲಿಯಲ್ಲಿ ಮುರಿದುಕೊಂಡು ನೇಕಾರನಿಗೆ ಕೊಡುತ್ತೇವೆಂದು ಯಾವ ಕಂಪನಿಯಾದರೂ ಮುಂದೆ ಬಂದರೆ ನೇಕಾರರು ಅದನ್ನು ಮುಟ್ಟಬಾರದು.

“ಪೂರ್ಣ ಹೊಣೆ ಹೊರಿಸಿದರೆ ಬಾಡಿಗೆ ಏರುತ್ತದೆ, ನಿಮ್ಮ ನೇಕಾರರಿಗೇ ತೊಂದರೆ” ಎಂಬುದು ಕಂಪನಿಗಳ ಪರವಾಗಿ ಬರುವ ಉತ್ತರ. ಏರಲಿ, ಎಷ್ಟು ಏರುತ್ತದೆಂದು ನೋಡೋಣ. 18,000 ರೂಪಾಯಿಯ ಸೀರೆ ಸಾವಿರ ಹೊರಟು ಒಂದು ಕಳೆಯಿತೆಂದು ಇಟ್ಟುಕೊಳ್ಳಿ. ಆ ನಷ್ಟವನ್ನು ಸಾವಿರಕ್ಕೂ ಹಂಚಿದರೆ ಸೀರೆಗೆ 18 ರೂಪಾಯಿ. ಎರಡು ಕಳೆದರೆ 36. ಇದನ್ನು ಕೊಡಲಾರೆನೆನ್ನುವ ನೇಕಾರನಿಲ್ಲ, ಕೊಂಡವರೂ ಇಲ್ಲ. ಹಂಚದೆ ಬಿಟ್ಟರೆ ಒಬ್ಬ ನೇಕಾರನ ಮನೆಯಲ್ಲಿ 18,000 ರೂಪಾಯಿಯ ಹೊಂಡ. ಆ ಹೊಂಡ ಮುಚ್ಚಲು ಅವನು ಹಿಂದೆ ಬಿಟ್ಟುಬಂದ ಸಾಹುಕಾರನ ಗದ್ದಿಗೆಗೇ ಮರಳಬೇಕು. ಸಾವಿರ ಪೆಟ್ಟಿಗೆ ಒಟ್ಟಿಗೆ ಸಾಗಿಸುವವನಿಗೆ ಹಗುರವಾದ ಭಾರವನ್ನು ಒಂದೇ ಪೆಟ್ಟಿಗೆ ಕಳಿಸುವವನ ಹೆಗಲಿಗೆ ಹೇರುವುದಕ್ಕೆ ವ್ಯಾಪಾರನೀತಿಯೆಂದು ಹೆಸರಿಟ್ಟಿದ್ದಾರೆ.

ಕಾಯಿದೆ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಇನ್ಷೂರೆನ್ಸಿನವರಲ್ಲಿ ಒಳನಾಡು ಸಾಗಣೆಗೆ “ಓಪನ್ ಪಾಲಿಸಿ” ಎಂಬುದುಂಟು. ವರ್ಷದ ಅಂದಾಜು ರವಾನೆಗೆ ಒಮ್ಮೆ ಪಾಲಿಸಿ ಪಡೆದು, ಒಂದೊಂದು ರವಾನೆ ಹೊರಟಾಗಲೂ ಅದರ ಬೆಲೆಯನ್ನು ತಿಳಿಸುತ್ತ ಹೋಗುವುದು ಅದರ ಕ್ರಮ. ಒಂಟಿ ಮಗ್ಗದವನಿಗೆ ಇದು ನಿಲುಕದು. ನೇಕಾರರ ಸಹಕಾರ ಸಂಘಕ್ಕೆ ನಿಲುಕುತ್ತದೆ. ಸಾರ್ವಜನಿಕ ವಲಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳು ಇನ್ನೂ ಇವೆ; 1973ರಲ್ಲಿ ರಾಷ್ಟ್ರೀಕರಣವಾದದ್ದು ಕೇವಲ ದೊಡ್ಡವರ ಕಾರ್ಖಾನೆಗಳಿಗೆ ವಿಮೆ ಬರೆಯಲಿಕ್ಕಲ್ಲ. 1975ರಲ್ಲಿ ಹುಟ್ಟಿದ ಕೈಮಗ್ಗ ಅಭಿವೃದ್ಧಿ ನಿಗಮ ಹುಬ್ಬಳ್ಳಿಯಲ್ಲಿದೆ, ಕರಕುಶಲ ಅಭಿವೃದ್ಧಿ ನಿಗಮ ಬೆಂಗಳೂರಿನಲ್ಲಿದೆ. ರಾಜ್ಯದ ಎಲ್ಲ ನೇಕಾರರ, ಕುಶಲಕರ್ಮಿಗಳ ಪರವಾಗಿ ಒಂದೇ ಪಾಲಿಸಿ ಪಡೆಯಲು ಈ ನಿಗಮಗಳಿಗೆ ಅಡ್ಡಿಯೇನು? ಶಿಬಿರಗಳ ಶಾಮಿಯಾನಕ್ಕೆ ಸುರಿಯುವ ಹಣದಲ್ಲಿ ಅದರ ಮೊದಲ ಕಂತನ್ನಾದರೂ ಕಟ್ಟಬಹುದಲ್ಲ!

ವಿಮೆಯಿದ್ದವರೂ ಒಂದು ಎಚ್ಚರ ವಹಿಸಬೇಕು. ಮಾಲು ಕಳೆದರೆ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರನಿಗೆ ಬರಹದಲ್ಲಿ ನೋಟಿಸು ಕೊಡಬೇಕು. ಕೊಡದಿದ್ದರೆ 2007ರ ಕಾಯಿದೆಯಡಿ ದಾವೆಯೇ ನಿಲ್ಲದು. ಕಳೆದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. “ಹುಡುಕುತ್ತಿದ್ದೇವೆ” ಎಂಬ ಸಿಹಿಮಾತಿನಲ್ಲಿ ತಿಂಗಳುಗಳನ್ನು ಕಳೆಸುವುದು ಕೆಲವರ ಚಾಳಿ. ಕರಾರು ಪತ್ರದಲ್ಲಿ ಇನ್ನೂ ಚಿಕ್ಕ ಗಡುವು ಅಚ್ಚಾಗಿರುವುದೂ ಉಂಟು. ಫೋನಿನಲ್ಲಿ ಬೈದದ್ದು ನೋಟಿಸಲ್ಲ. ಕಾಗದದಲ್ಲಿ ಬರೆದು, ಮುಟ್ಟಿದ ಗುರುತು ಪಡೆದು, ನಕಲು ಇಟ್ಟುಕೊಳ್ಳಿ.

ನಮ್ಮ ಬೇಡಿಕೆಗಳು ಉದ್ದವಿಲ್ಲ. ಬಾಡಿಗೆಯ ಹತ್ತರಷ್ಟೆಂಬ ನಿಯಮ ಹೋಗಿ, ಘೋಷಿಸಿದ ಬೆಲೆಯಷ್ಟು ಹೊಣೆಯೆಂದಾಗಬೇಕು. ಗ್ರಾಹಕ ಕಾಯಿದೆಯಿಂದ ಕಳಚಿಹೋದ “ಸೇವೆ” ಎಂಬ ಪದ ಮರಳಿ ಸೇರಬೇಕು. ಅಂಚೆ ಇಲಾಖೆ ಕೈಮಗ್ಗ, ಕರಕುಶಲದ ಮಾಲಿಗೆ ಪೂರ್ಣ ಬೆಲೆಯ ಹೊಣೆ ಹೊರಬೇಕು. ಇವು ದೆಹಲಿಯಲ್ಲಿ ಆಗಬೇಕಾದವು. ಜಿಲ್ಲೆಯಲ್ಲಿ ಆಗಬೇಕಾದದ್ದು ಇನ್ನೂ ಹತ್ತಿರದ್ದು. ಮುಂದಿನ ಸಾರಿ ಮಾಲು ಕಳಿಸಲು ಹೋದಾಗ, ಬಾಡಿಗೆ ಕೊಡುವ ಮುಂಚೆ, ಹೆಚ್ಚಿನ ಅಪಾಯದ ದರದ ಕನ್ನಡ ಫಲಕ ಎಲ್ಲಿದೆಯೆಂದು ಕೇಳಿ. ಇಲ್ಲವೆಂದರೆ ಅಂಗಡಿಯ ಹೆಸರನ್ನೂ ದಿನಾಂಕವನ್ನೂ ಬರೆದುಕೊಂಡು ನಮ್ಮ ಕಚೇರಿಗೆ ಮುಟ್ಟಿಸಿ. ಪಟ್ಟಿಯನ್ನು ಸಾರಿಗೆ ಪ್ರಾಧಿಕಾರದ ಮೇಜಿನ ಮೇಲೆ ಇಡುವ ಕೆಲಸ ನಮ್ಮದು.